ಎರಡು ಡಬ್ಬದ ನಡುವೆ ಧನುಶ್ರೀ

ಬಾಗಿಲ ಚಿಲಕ ಹಾಕಿಕೊಂಡು ಬಂದು ಕೂತುಕೊಳ್ಳಿ. ನಗುವವರು ಈಗಲೇ ನಕ್ಕುಬಿಡಿ, ನಡುವೆ ಬಾಯಿ ಹಾಕಬೇಡಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ಕೂಟಗಲ್ಲಿನಲ್ಲಿರುವ ನಮ್ಮ ಚಿಕ್ಕಮ್ಮನ ಮಗ ಅಶ್ವಥ್‌ಗೆ ಆದದ್ದು. ಬೇಕಾದರೆ ನಾಳೆ ಬೆಳಗ್ಗೆ ಹೋಗಿ ಅವನನ್ನೇ ಕೇಳಿ. ಹೇಳುವುದಿಲ್ಲ, ಆದರೆ ಅವನ ಮುಖ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಆವತ್ತು ಅಶ್ವಥ್ ರಾಮನಗರದ ಒಂದು ಛತ್ರದಲ್ಲಿ ರಿಸೆಪ್ಷನ್ ಮುಗಿಸಿಕೊಂಡು ಬರುತ್ತಿದ್ದ. ಮದುವೆ ವಿಡಿಯೊ ತೆಗೆಯುವುದು ಅವನ ಕಸುಬು. ಗಂಡು ಹೆಣ್ಣು ಮನೆಗೆ ಹೋಗಿ ಮಲಗಿದರೂ ವಿಡಿಯೊದವನ ಕೆಲಸ ಮುಗಿದಿರುವುದಿಲ್ಲ. ಊರ ಸರ್ಕಲ್ಲಿಗೆ ಬರುವ ಹೊತ್ತಿಗೆ ಬೈಕಿನ ಚೈನು ಕಿತ್ತುಕೊಂಡಿತು. ಬೈಕನ್ನು ಡೇರಿ ಗೋಡೆಯ ಪಕ್ಕ ನಿಲ್ಲಿಸಿ, ಕ್ಯಾಮೆರಾ ಬ್ಯಾಗು ಹೆಗಲಿಗೆ ಹಾಕಿಕೊಂಡು ನಡೆದ.

ಅವನ ಮನೆ ಊರಾಚೆ, ಹಿಪ್ಪುನೇರಳೆ ತೋಟದ ಅಂಚಿನಲ್ಲಿ. ದಾರಿಯಲ್ಲಿ ಒಂದು ಆಲದ ಮರ, ಅದರ ಬುಡದಲ್ಲಿ ಹಳೇ ಸೇದೋ ಬಾವಿ. ಈಗ ಅದಕ್ಕೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಪಕ್ಕದ ಕಂಬದಲ್ಲಿ ಆವತ್ತು ದೀಪ ಉರಿಯುತ್ತಿರಲಿಲ್ಲ.

ಮರದ ಹತ್ತಿರ ಬಂದಾಗ ಎದುರಿನಿಂದ ಸದ್ದು ಕೇಳಿಸಿತು.

ಪಟ್... ಸರ್ರ್... ಪಟ್... ಸರ್ರ್...

ಹವಾಯಿ ಚಪ್ಪಲಿ. ಒಂದು ಕಾಲು ಎತ್ತಿ ಹಾಕಿದ್ದು, ಇನ್ನೊಂದು ಎಳೆದು ಹಾಕಿದ್ದು. ಯಾರೋ ಅವನ ಮನೆ ಕಡೆಯಿಂದ ಊರೊಳಕ್ಕೆ ಬರುತ್ತಿದ್ದಾರೆ. ಅಶ್ವಥ್ ಮೊಬೈಲಿನ ಟಾರ್ಚ್ ಹಾಕಿದ. ದಾರಿ ಖಾಲಿ. ಸದ್ದು ಮಾತ್ರ ಹತ್ತಿರ ಬಂತು... ಇನ್ನೂ ಹತ್ತಿರ ಬಂತು... ಅವನ ಪಕ್ಕದಲ್ಲೇ ನಿಂತಿತು.

"ಉಸ್ಸಪ್ಪಾ..."

ದೂರ ನಡೆದು ಬಂದ ಹೆಂಗಸು ಸೊಂಟಕ್ಕೆ ಕೈಕೊಟ್ಟು ಬಿಡುವ ಉಸಿರು. ಬೇರೇನೂ ಇಲ್ಲ, ಉಸಿರು ಅಷ್ಟೇ.

ಅಶ್ವಥ್ ಟಾರ್ಚ್ ಕೆಳಗಿಳಿಸಿದ. ಯಾಕೆಂದರೆ ಆ ಉಸಿರು ಅವನಿಗೆ ಗೊತ್ತಿತ್ತು. ಆ ನಡಿಗೆಯೂ ಗೊತ್ತಿತ್ತು. ಅವನ ಹೆಂಡತಿ ಧನುಶ್ರೀಯ ಎಡಗಾಲನ್ನು ಒಮ್ಮೆ ಕೊಟ್ಟಿಗೆಯಲ್ಲಿ ಹಸು ತುಳಿದಿತ್ತು. ಅಲ್ಲಿಂದ ಆಚೆಗೆ ಅವಳು ಎಡಗಾಲನ್ನು ಎಳೆದೇ ನಡೆಯುತ್ತಿದ್ದದ್ದು.

"ಧನು...?" ಅಂದ.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ... ಪಟ್... ಸರ್ರ್... ಸದ್ದು ಅವನನ್ನು ದಾಟಿ ಊರೊಳಕ್ಕೆ ಹೋಯಿತು.

ಧನುಶ್ರೀ ಸತ್ತು ಆಗಲೇ ವರ್ಷ ದಾಟಿತ್ತು.

ಅಶ್ವಥ್ ಬಿದ್ದಂಬೀಳ ಮನೆಗೆ ಓಡಿದ. ಹಾಕಿದ ಬೀಗ ಹಾಕಿದಂತೆಯೇ ಇತ್ತು. ಒಳಗೆ ಕತ್ತಲಲ್ಲಿ ಡಬ್ಬ ಕೆಲಸ ಮಾಡುತ್ತಿತ್ತು. ಟಿಕ್... ಟಿಕ್... ಕರ್ರ್ರ್... ಟಿಕ್... ಅದರ ನೀಲಿ ದೀಪ ಬಿಟ್ಟು ಬಿಟ್ಟು ಮಿನುಗುತ್ತಿತ್ತು.

ಈ ಡಬ್ಬದ ವಿಷಯ ಹೇಳದೆ ಮುಂದೆ ಹೋದರೆ ನಿಮಗೆ ತಲೆಬುಡ ಗೊತ್ತಾಗುವುದಿಲ್ಲ. ಕೇಳಿ.

ಧನುಶ್ರೀ ಮಾಗಡಿ ತಾಲ್ಲೂಕಿನ ಕಲ್ಯದ ಹುಡುಗಿ. ಡೆಂಗಿ ಜ್ವರ ಬಂತು, ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಮಗಳು ಸಿರಿ ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ಕಂಡವರ ಮದುವೆಯನ್ನೆಲ್ಲ ಅಷ್ಟು ಚೆನ್ನಾಗಿ ವಿಡಿಯೊ ಮಾಡಿದವನು ತನ್ನ ಹೆಂಡತಿಯನ್ನು ತೆಗೆದದ್ದು ಮಾತ್ರ ಅಷ್ಟಿಷ್ಟು, ಅದೂ ಮೊಬೈಲಿನಲ್ಲಿ. ನಾಳೆ ತೆಗೆದರಾಯಿತು ಅಂದುಕೊಂಡವನಿಗೆ ನಾಳೆ ಎಲ್ಲಿತ್ತು ಹೇಳಿ.

ಅವಳು ಹೋದ ಮೇಲೆ ಒಂದು ದಿನ ಅವನ ಹಳೇ ಹಾರ್ಡ್ ಡಿಸ್ಕು ಕಟಕಟ ಅಂದು ನಿಂತುಹೋಯಿತು. ಸಿರಿಯ ನಾಮಕರಣ ಅದರಲ್ಲಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವತ್ತು ಅಶ್ವಥ್ ಅತ್ತದ್ದನ್ನು ನಾನೇ ನೋಡಿದ್ದೇನೆ, ತಿಥಿಯ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಇನ್ನು ಉಳಿದದ್ದು ಹಳೇ ಮೊಬೈಲಿನ ಕೆಲವು ತುಣುಕು. ಧನುಶ್ರೀ ಮುದ್ದೆ ಕಟ್ಟುವುದು, ತೊಟ್ಟಿಯ ಹತ್ತಿರ ಬಟ್ಟೆ ಒಗೆಯುವುದು, ಕಬ್ಬಾಳಮ್ಮನ ಗುಡಿ ಮುಂದೆ ಮಗುವನ್ನು ಎತ್ತಿಕೊಂಡು ನಿಂತದ್ದು, ತೊಟ್ಟಿಲು ತೂಗುವುದು. ನಾಳೆ ಮಗಳು ಬೆಳೆದು ದೊಡ್ಡವಳಾಗಿ, ನಮ್ಮಮ್ಮನ ದನಿ ಹೇಗಿತ್ತಪ್ಪಾ ಅಂತ ಕೇಳಿದರೆ ಕೇಳಿಸಲು ಅವನ ಹತ್ತಿರ ಇದ್ದದ್ದು ಅಷ್ಟೇ. ಅದೂ ಹೋದರೆ? ಈ ಭಯ ಅವನನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಗೌಸ್ ಅಂತ ಅವನ ಕ್ಲಾಸ್‌ಮೇಟು, ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ಒಂದು ಸರ್ವರ್ ಜೋಡಿಸಿಕೊಟ್ಟ. ಸರ್ವರ್ ಅಂದರೆ ದೊಡ್ಡದೇನಲ್ಲ, ಅವಲಕ್ಕಿ ಡಬ್ಬದಷ್ಟು ಒಂದು ಕರೀ ಪೆಟ್ಟಿಗೆ, ಒಳಗೆ ಹಾರ್ಡ್ ಡಿಸ್ಕು. ಫೋಟೊ, ವಿಡಿಯೊ ಎಲ್ಲ ಅದರಲ್ಲಿ ಹಾಕಿಟ್ಟರೆ ಮನೆಯ ಟಿವಿಯಲ್ಲೇ ನೋಡಬಹುದು. ಊರವರ ಬಾಯಲ್ಲಿ ಅದು ಡಬ್ಬ ಆಯಿತು.

"ಇದೊಂದೇ ಸಾಲಲ್ಲ ಕಣ್ಲಾ," ಅಂದ ಗೌಸ್. "ಸಿಡ್ಲು ಒಡುದ್ರೆ ಇದೂ ಓಯ್ತದೆ. ಇನ್ನೊಂದು ಡಬ್ಬ ಬ್ಯಾರೆ ಮನೇಲಿ ಇರ್ಬೇಕು. ಅದ್ನ ಬ್ಯಾಕಪ್ ಅನ್ನೋದು."

ಬೇರೆ ಮನೆ ಅಂದರೆ ಅಶ್ವಥ್‌ಗೆ ಇದ್ದದ್ದು ಒಂದೇ, ಸೋದರತ್ತೆ ಮುನಿಯಮ್ಮನ ಮನೆ. ಊರೊಳಗೆ, ಸರ್ಕಲ್ ಪಕ್ಕ. ಅವನು ರಾತ್ರಿ ಕೆಲಸಕ್ಕೆ ಹೋದಾಗ ಸಿರಿ ಮಲಗುವುದೂ ಅಲ್ಲೇ. ಎರಡು ಮನೆಯ ಮಾಳಿಗೆ ಮೇಲೂ ಗೌಸ್ ಒಂದೊಂದು ಚಿಕ್ಕ ಬಿಳೀ ಆಂಟೆನಾ ಕಟ್ಟಿದ. ಒಂದರ ಮುಖ ಇನ್ನೊಂದರ ಕಡೆಗೆ, ನಡುವೆ ಆಲದ ಮರ ಮತ್ತು ಬಾವಿ. ಅತ್ತೆಯ ಮನೆಯ ಡಬ್ಬವನ್ನು ರಾಗಿ ತುಂಬಿಡುವ ಮಣ್ಣಿನ ವಾಡೆಯ ಪಕ್ಕದ ಗೂಡಿನಲ್ಲಿ ಇಟ್ಟರು.

ಗೌಸ್ ಅದನ್ನು ಒನ್ ವೇ ಮಾಡಿ ಹೋಗಿದ್ದ. ರಾತ್ರಿ ಊರು ಮಲಗಿದ ಮೇಲೆ ಇಲ್ಲಿರುವುದರ ಕಾಪಿ ಅಲ್ಲಿಗೆ ಹೋಗಬೇಕು, ಅಷ್ಟೇ. ಅಶ್ವಥ್‌ಗೆ ಅಷ್ಟು ಸಾಲಲಿಲ್ಲ. ಗೌಸ್ ಬೆನ್ನು ತಿರುಗಿಸಿದ ಮೇಲೆ ಅವನೇ ಕೂತು ಟೂ ವೇ ಮಾಡಿದ. ಇಲ್ಲಿ ಇಲ್ಲವಾದದ್ದು ಅಲ್ಲಿಂದ ವಾಪಸ್ ಬರಬೇಕು, ಅಲ್ಲಿ ಇಲ್ಲವಾದದ್ದು ಇಲ್ಲಿಂದ ಹೋಗಬೇಕು. ಏನೇ ಆಗಲಿ, ಅವಳು ಹೋಗಬಾರದು.

ಆಮೇಲೆ ಪಕ್ಷದ ಹಬ್ಬ ಬಂತು.

ನಮ್ಮ ಕಡೆ ಪಕ್ಷ ಹೇಗೆ ಮಾಡುತ್ತಾರೆ ಅಂತ ನಿಮಗೆ ಗೊತ್ತು. ತೀರಿಕೊಂಡವರ ಪಟಕ್ಕೆ ಹೂ ಹಾಕಿ, ಹೊಸ ಬಟ್ಟೆ ಇಟ್ಟು, ಬಾಳೆಲೆಯಲ್ಲಿ ಮುದ್ದೆ, ಬಾಡಿನ ಸಾರು, ಒಡೆ, ಕಜ್ಜಾಯ ಎಲ್ಲ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಬಂದವರು ಉಣ್ಣಬೇಕಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿರಿಯರೊಬ್ಬರು ಕೆಮ್ಮಿ ಬಾಗಿಲು ತೆಗೆಯುತ್ತಾರೆ. ಹೊಸಿಲಿಗೆ ನೀರು ಬಿಟ್ಟು, ಹೋಗಿ ಬನ್ನಿ ಅಂತ ಹೇಳಿ ಕಳಿಸುತ್ತಾರೆ. ಕರೆಯುವುದು ಎಷ್ಟು ಮುಖ್ಯವೋ ಕಳಿಸುವುದೂ ಅಷ್ಟೇ ಮುಖ್ಯ.

ಅಶ್ವಥ್ ಪಟ ಇಡಲಿಲ್ಲ. ಪಟದೊಳಗೆ ಸುಮ್ಮನೆ ಕೂತ ಹೆಂಡತಿ ಅವನಿಗೆ ಬೇಡವಾಗಿದ್ದಳು. ವಿಡಿಯೊದವನಲ್ಲವಾ, ಎಡೆಯ ಮುಂದೆ ಟಿವಿ ಇಟ್ಟ, ಕೆಳಗೆ ಡಬ್ಬ ಇಟ್ಟ, ಅವಳ ತುಣುಕುಗಳು ಒಂದಾದ ಮೇಲೊಂದು ಬರುವಂತೆ ಹಾಕಿದ. ಟಿವಿಗೆ ಮಲ್ಲಿಗೆ ಹಾರ ಹಾಕಿದ. ಮುನಿಯಮ್ಮ ಮುಖ ಕಿವುಚಿದರೂ ಬಾಯಿ ಬಿಡಲಿಲ್ಲ, ಹೆಂಡತಿ ಸತ್ತ ಹುಡುಗ, ಅವನಿಗೆ ಸಮಾಧಾನ ಆಗುವುದಾದರೆ ಆಗಲಿ ಅಂತ.

ಬಾಗಿಲು ಮುಚ್ಚಿದರು. ಹೊರಗೆ ಜಗಲಿಯ ಮೇಲೆ ಎಲ್ಲರೂ ಕೂತರು. ಕೊನೆಗೆ ಮುನಿಯಮ್ಮ ಕೆಮ್ಮಿ, ಬಾಗಿಲು ತೆಗೆದು, ಹೊಸಿಲಿಗೆ ಚೊಂಬಿನ ನೀರು ಬಿಟ್ಟಳು.

"ಉಂಡ್ಯೇನವ್ವಾ ಧನು? ಓಗ್ಬುಟ್ಟು ಬಾ ಕಣವ್ವಾ. ಬರೋ ವರ್ಸ ಕರೀತೀವಿ."

ಸರಿಯಾಗಿ ಅದೇ ಹೊತ್ತಿಗೆ ಟಿವಿಯಲ್ಲಿ ತೊಟ್ಟಿಲಿನ ತುಣುಕು ಬಂದಿತ್ತು. ಅಳುವ ಮಗುವಿಗೆ ಧನುಶ್ರೀ ಹೇಳುತ್ತಿದ್ದಳು:

"ಅಳಬ್ಯಾಡ ಕಣ್ ಕಂದಾ... ಇಲ್ಲೇ ಇವ್ನಿ. ಎಲ್ಗೂ ಓಗಲ್ಲ."

ಮುನಿಯಮ್ಮನ ಕೈಯಿಂದ ಚೊಂಬು ಜಾರಿ ಕೆಳಗೆ ಬಿತ್ತು. ಠಣ್ ಅಂದು ಉರುಳುತ್ತಾ ಒಳಕ್ಕೆ ಹೋಯಿತು.

"ಅದ್ನ ಆರ್ಸ್ಲಾ ಮೊದ್ಲು!" ಅಂದಳು.

ಅಶ್ವಥ್ ಟಿವಿ ಆರಿಸಿದ. ಡಬ್ಬವನ್ನು ಯಾರೂ ಆರಿಸಲಿಲ್ಲ. ಅದು ಆ ರಾತ್ರಿ ತನ್ನ ಪಾಡಿಗೆ ತಾನು ಟಿಕ್ ಟಿಕ್ ಅನ್ನುತ್ತಾ ಕೆಲಸ ಮಾಡಿತು.

ಇದಾದ ಮೇಲೆಯೇ ಆ ಆಲದ ಮರದ ರಾತ್ರಿ.

ಬೆಳಗಾಗುತ್ತಲೂ ಅಶ್ವಥ್ ಮಗಳನ್ನು ಕರೆತರಲು ಅತ್ತೆಯ ಮನೆಗೆ ಹೋದ. ಮುನಿಯಮ್ಮ ಜಗಲಿ ಗುಡಿಸುತ್ತಿದ್ದಳು. ಅವನ ಮುಖ ನೋಡಿ ಪೊರಕೆ ನಿಲ್ಲಿಸಿದಳು.

"ಕಂಡ್ಳಾ?" ಅಂದಳು, ಮೆಲ್ಲಗೆ.

"ಕಾಣ್ಲಿಲ್ಲ ಅತ್ತೆ... ಕೇಳುಸ್ತು."

"ದಿನಾ ಬತ್ತಾಳೆ. ಪಕ್ಷ ಆದಾಗಿಂದ. ಇಲ್ಲೇ ಜಗ್ಲಿ ಮ್ಯಾಲೆ ಒಸಿ ಕುಂತ್ಕತಾಳೆ. ಮತ್ತೆ ಎದ್ದು ಓಯ್ತಾಳೆ."

"ನಂಗ್ಯಾಕೆ ಯೋಳ್ನಿಲ್ಲ?"

"ಯೋಳಿದ್ರೆ ನೀನು ಕುಸಿ ಪಡ್ತಿದ್ದೆ. ಅದ್ಕೇ ಯೋಳ್ನಿಲ್ಲ."

ಮುದುಕಿಯ ಮಾತು ಸುಳ್ಳಾಗಲಿಲ್ಲ. ಮನೆಗೆ ವಾಪಸ್ ಬರುವಾಗ ಅಶ್ವಥ್‌ಗೆ ಭಯ ಹೋಗಿ ಖುಷಿಯೇ ಬಂದಿತ್ತು. ನನ್ನ ಹೆಂಡತಿ ಇದ್ದಾಳೆ, ಎಲ್ಲಿಗೂ ಹೋಗಿಲ್ಲ. ಆಮೇಲೆ ಎಷ್ಟೋ ರಾತ್ರಿ ಅವನು ದೀಪ ಆರಿಸಿಕೊಂಡು ಬಾಗಿಲ ಹಿಂದೆ ಕೂತ. ಮೊದಲು ಡಬ್ಬ ಶುರುವಾಗುತ್ತಿತ್ತು. ಟಿಕ್... ಕರ್ರ್ರ್... ಆಮೇಲೆ ಅಂಗಳದಲ್ಲಿ ಪಟ್... ಸರ್ರ್... ಅವಳು ಹೊರಟು, ಬಾವಿ ದಾಟಿ, ಅತ್ತೆ ಮನೆಗೆ ಹೋಗಿ, ಮತ್ತೆ ಬರುವಳು. ಬಂದವಳು ಇನ್ನೇನು ಕೂರಬೇಕು, ಡಬ್ಬ ಮತ್ತೆ ಟಿಕ್ ಅನ್ನುವುದು. ಮತ್ತೆ ಹೊರಡುವಳು. ಇವನು ಕತ್ತಲಲ್ಲಿ ಕೂತು ಮದುಮಗನಂತೆ ನಗುತ್ತಿದ್ದ. ಮರುಳ.

ನಗು ನಿಂತದ್ದು ಒಂದು ಸಂಜೆ. ಸಿರಿಗೆ ಅಮ್ಮನನ್ನು ತೋರಿಸೋಣ ಅಂತ ಟಿವಿ ಹಾಕಿದ. ಅವಳು ಯಾವತ್ತೂ ಸರಿಯಾಗಿ ನೋಡಿದವಳಲ್ಲ, ಕಾರ್ಟೂನ್ ಹಾಕು ಅಂತ ಹಟ ಮಾಡುವವಳು. ಆವತ್ತೂ ಗೊಂಬೆ ಹಿಡಿದುಕೊಂಡು ಪಕ್ಕದಲ್ಲಿ ಆಡುತ್ತಿದ್ದಳು. ಮುದ್ದೆ ಕಟ್ಟುವ ತುಣುಕು ಬಂತು. ಅದರಲ್ಲಿ ಧನುಶ್ರೀ ಒಲೆ ಮುಂದೆ ನಿಂತು, ಕ್ಯಾಮೆರಾ ಕಡೆ ತಿರುಗಿ, ಹಿಟ್ಟಿನ ಕೋಲು ತೋರಿಸಿ ನಗಬೇಕು. ಅಶ್ವಥ್ ಅದನ್ನು ಎಷ್ಟು ಸಲ ನೋಡಿದ್ದನೋ ಲೆಕ್ಕವಿಲ್ಲ.

ಅವಳು ನಿಂತಿರಲಿಲ್ಲ.

ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ನೀವಿಕೊಳ್ಳುತ್ತಿದ್ದಳು. ಅಂಗಾಲು ಬಿರಿದಿತ್ತು, ಸೀರೆಯ ಅಂಚಿಗೆ ಕೆಮ್ಮಣ್ಣು ಮೆತ್ತಿತ್ತು. ಒಲೆಯ ಮೇಲೆ ಎಸರು ಕೊತ ಕೊತ ಕುದಿಯುತ್ತಿತ್ತು, ಅದನ್ನು ನೋಡುವವರಿಲ್ಲ. ಕ್ಯಾಮೆರಾ ಹಿಂದಿನಿಂದ ಅಶ್ವಥ್‌ನದೇ ಹಳೆಯ ನಗು ಕೇಳುತ್ತಿತ್ತು. ಮೊದಲು ಎಲ್ಲಿ ನಗುತ್ತಿದ್ದನೋ ಅಲ್ಲೇ ನಗುತ್ತಿದ್ದ, ಏನೂ ಆಗಿಲ್ಲ ಅನ್ನುವ ಹಾಗೆ.

ಬಟ್ಟೆ ಒಗೆಯುವ ತುಣುಕು ಹಾಕಿದ. ಅವಳು ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು, ಬೆನ್ನು ಈ ಕಡೆಗೆ. ತೊಟ್ಟಿಲಿನದು ಹಾಕಿದ. ಕೈ ತೂಗುತ್ತಿತ್ತು, ತಲೆ ತೊಟ್ಟಿಲ ಕೋಲಿಗೆ ಒರಗಿತ್ತು, ಕಣ್ಣು ಮುಚ್ಚಿತ್ತು.

"ಇಲ್ಲೇ ಇವ್ನಿ..." ಅಂದಳು. ನೀರಡಿಸಿದ ದನಿ. "ಎಲ್ಗೂ... ಓಗಲ್ಲ..."

ಅಶ್ವಥ್ ಗೌಸ್‌ಗೆ ಫೋನ್ ಮಾಡಿದ. ಗೌಸ್ ಅಂಗಡಿ ಮುಚ್ಚಿ ಬಂದ. ನೋಡಿದ, ಎರಡನೇ ಸಲ ನೋಡಿದ. ಲ್ಯಾಪ್‌ಟಾಪ್ ಹಾಕಿ ಏನೇನೋ ತಡಕಾಡಿದ. ಆಮೇಲೆ ಅತ್ತೆಯ ಮನೆ ಡಬ್ಬದಲ್ಲೂ ನೋಡಿಕೊಂಡು ಬಂದ. ಅಲ್ಲೂ ಹಾಗೇ. ಯಾರೂ ಮುಟ್ಟಿದ ಗುರುತಿಲ್ಲ, ಫೈಲಿನ ತಾರೀಕು ಹಳೆಯದೇ.

"ಯಾ ಅಲ್ಲಾ..." ಅಂದ. ಇನ್ನೂ ಏನೋ ತುಟಿಯಲ್ಲೇ ಓದಿಕೊಂಡ. "ಲೇ ಅಶ್ವಥ, ನಾನು ಒನ್ ವೇ ಇಟ್ಟಿದ್ದೆ. ಟೂ ವೇ ಯಾರು ಮಾಡಿದ್ದು?"

"ನಾನೇ."

"ಯಾಕ್ಲಾ?"

"ಓಗ್ದೆ ಇರ್ಲಿ ಅಂತ."

ಗೌಸ್ ಲ್ಯಾಪ್‌ಟಾಪ್ ಮುಚ್ಚಿದ. ಅವನು ದೆವ್ವ ಭೂತ ನಂಬುವವನಲ್ಲ, ಆದರೆ ನೋಡಿದ್ದನ್ನು ನೋಡಿಲ್ಲ ಅನ್ನುವವನೂ ಅಲ್ಲ. "ಇವತ್ತು ಲಿಂಕ್ ತೆಗ್ದಾಕ್ತೀನಿ," ಅಂದ. "ಅಲ್ಗೂ ಇಲ್ಗೂ ದಾರಿ ಇಲ್ದಿದ್ರೆ ನಡ್ಯೋದು ತಪ್ತದೆ." ಮಾಳಿಗೆ ಹತ್ತಿ ಆಂಟೆನಾದ ವೈರು ಕಿತ್ತ. ಆವತ್ತು ಅವನೂ ಅಲ್ಲೇ ಉಳಿದ.

ರಾತ್ರಿ ಡಬ್ಬ ಒಂದು ಸಲ ಟಿಕ್ ಅಂದು ಸುಮ್ಮನಾಯಿತು. ಅಂಗಳದಲ್ಲೂ ಸದ್ದಿಲ್ಲ. ಇಬ್ಬರೂ ಉಸಿರು ಬಿಟ್ಟರು.

ಆಮೇಲೆ ದೂರದಲ್ಲಿ ಕೇಳಿಸಿತು... ಆಲದ ಮರದ ಕಡೆಯಿಂದ. ಪಟ್... ಸರ್ರ್... ಪಟ್... ಸರ್ರ್... ಹತ್ತಿರವೂ ಬರಲಿಲ್ಲ, ದೂರವೂ ಹೋಗಲಿಲ್ಲ.

ಇಬ್ಬರೂ ಟಾರ್ಚ್ ಹಿಡಿದು ಹೋದರು. ಸದ್ದು ಬಾವಿಯ ಸುತ್ತ ಸುತ್ತುತ್ತಿತ್ತು. ಒಂದು ಸುತ್ತು, ಇನ್ನೊಂದು ಸುತ್ತು. ಒಮ್ಮೆ ಈ ಮನೆಯ ಕಡೆಗೆ ನಾಲ್ಕು ಹೆಜ್ಜೆ ಬಂದು ನಿಲ್ಲುವುದು. ಒಮ್ಮೆ ಆ ಮನೆಯ ಕಡೆಗೆ ಹೋಗಿ ನಿಲ್ಲುವುದು. ಮತ್ತೆ ಬಾವಿಗೇ ಬರುವುದು. ಜಾಲರಿಗೆ ಬಳೆ ತಾಗಿದ ಸದ್ದು... ಕಿಣ್. ಬೀಳುವವರು ಹಿಡಿದುಕೊಂಡ ಹಾಗೆ.

ಗೌಸ್ ಅವನ ರಟ್ಟೆ ಹಿಡಿದುಕೊಂಡ. "ಅರ್ಧ ದಾರೀಲಿ ಸಿಕ್ಕಾಕಂಡವ್ಳೆ ಕಣ್ಲಾ," ಅಂದ.

ಅಶ್ವಥ್ ಓಡಿಹೋಗಿ ಮಾಳಿಗೆ ಹತ್ತಿ ಆ ವೈರನ್ನು ತಾನೇ ಸಿಕ್ಕಿಸಿದ. ಅವಸರದಲ್ಲಿ ಬೆರಳು ಕುಯ್ದುಕೊಂಡ. ಡಬ್ಬ ಟಿಕ್ ಅಂದಿತು. ಬಾವಿಯ ಹತ್ತಿರ ನಡಿಗೆ ಮತ್ತೆ ದಾರಿ ಹಿಡಿಯಿತು. ಹೆಂಡತಿಯನ್ನು ನಡೆಸಲು ತಾನೇ ಕೈಯಾರೆ ಸ್ವಿಚ್ ಹಾಕಿದೆನಲ್ಲಾ ಅಂತ ಅವನು ಆ ರಾತ್ರಿಯೆಲ್ಲ ಮಾಳಿಗೆಯ ಮೇಲೇ ಕೂತು ಅತ್ತ.

ಮಾರನೇ ದಿನ ಮುನಿಯಮ್ಮ ಮಾತು ಬಿಗಿಯಾಗಿ ಆಡಿದಳು.

"ಕರೆದಿದ್ದು ನೀನು. ಕಳ್ಸೋನೂ ನೀನೇ."

"ಅಳಿಸ್ಬುಟ್ರೆ ಸಿರಿಗೆ ಏನ್ ಉಳೀತದೆ ಅತ್ತೆ? ಅವ್ಳಿಗೆ ಅವ್ರಮ್ಮನ ದನೀನೇ ಗೊತ್ತಿಲ್ಲ."

"ಸಿರಿ ನಾಳೆ ಕೇಳ್ಬೇಕು ಅಂತ ಅವ್ರಮ್ಮನ್ನ ರಾತ್ರಿಯೆಲ್ಲ ನಡೆಸ್ತೀಯೇನ್ಲಾ? ನಿನ್ ಮಗಳು ದೊಡ್ಡೋಳಾಗೋಗಂಟ?"

ಅಶ್ವಥ್‌ಗೆ ಅತ್ತ ದರಿ, ಇತ್ತ ಪುಲಿ. ಮಗಳ ಪಾಲಿನದನ್ನು ಅವಳಿಗೆ ಕೊಡದೆ ಅಳಿಸುವುದಾ, ಹೆಂಡತಿಯ ಕಾಲು ಸವೆಯುವುದನ್ನು ಕೇಳಿಸಿಕೊಂಡು ಮಲಗುವುದಾ? ಕೆಲವು ದಿನ ಊಟ ಬಿಟ್ಟ, ಮದುವೆ ಆರ್ಡರುಗಳನ್ನೂ ಬಿಟ್ಟ. ನಾನೇ ಫೋನ್ ಮಾಡಿದಾಗ, "ಅಣ್ಣ, ಅವ್ಳ ಕಾಲು ಊದಿಕಂಡವೆ," ಅಂದವನು ಫೋನ್ ಇಟ್ಟುಬಿಟ್ಟ. ಕೊನೆಗೆ ಮುಂದಿನ ಅಮಾವಾಸ್ಯೆ ದಿನ ಮತ್ತೆ ಎಡೆ ಇಡಲು ಒಪ್ಪಿಕೊಂಡ.

ಈ ಸಲ ಬಾಡು ಕಜ್ಜಾಯ ಏನಿಲ್ಲ. ಒಂದು ಮುದ್ದೆ, ಅವರೆಕಾಳು ಸಾರು, ಒಂದು ದೊಡ್ಡ ಚೊಂಬು ನೀರು. ಒಂದು ಡಬ್ಬದಲ್ಲಿ ಅಳಿಸಿದರೆ ಇನ್ನೊಂದು ಅದನ್ನು ವಾಪಸ್ ಕೊಟ್ಟುಬಿಡುತ್ತದೆ, ಹಾಗಾಗಿ ಎರಡರಲ್ಲೂ ಒಟ್ಟಿಗೇ ಅಳಿಸಬೇಕು ಅಂತ ಗೌಸ್ ಹೇಳಿದ್ದ. ಹಳೇ ಮೊಬೈಲಿನಲ್ಲಿದ್ದದ್ದನ್ನು ಮೊದಲೇ ಅಳಿಸಿ ಆಗಿತ್ತು. ಅವನು ಅತ್ತೆಯ ಮನೆಯ ಡಬ್ಬದ ಮುಂದೆ ಕೂತ. ಅಶ್ವಥ್ ತನ್ನ ಮನೆಯಲ್ಲಿ. ಇಬ್ಬರ ನಡುವೆ ಫೋನ್ ಆನ್ ಇತ್ತು. ಮುನಿಯಮ್ಮ ಹೊಸಿಲ ಹತ್ತಿರ ನಿಂತಿದ್ದಳು.

ಅಳಿಸುವ ಮುಂಚೆ ಒಂದೇ ಒಂದು ಸಲ ಸಿರಿಗೆ ಕೇಳಿಸಬೇಕು ಅಂತ ಅವನಾಸೆ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತೊಟ್ಟಿಲಿನ ತುಣುಕು ಹಾಕಿದ.

"ನೋಡು ಕಂದಾ, ಅಮ್ಮ. ಈಗ ಮಾತಾಡ್ತಾಳೆ ನೋಡು."

ಸಿರಿ ಒಂದು ಗಳಿಗೆ ನೋಡಿದಳು. ಆಕಳಿಸಿದಳು. "ಅಪ್ಪ, ನಿದ್ದೆ," ಅಂದಳು. ಧನುಶ್ರೀ ಬಾಯಿ ತೆರೆಯುವಷ್ಟರಲ್ಲಿ ಮಗು ಅವನ ತೋಳಿನ ಮೇಲೆ ನಿದ್ದೆ ಹೋಗಿತ್ತು. ಅವನು ಅಲುಗಿಸಿ ಎಬ್ಬಿಸಲು ಕೈ ಎತ್ತಿದ, ಆದರೆ ಎಬ್ಬಿಸಲು ಮನಸ್ಸಾಗಲಿಲ್ಲ.

ಅಂಗಳದಲ್ಲಿ ಪಟ್... ಸರ್ರ್... ಶುರುವಾಯಿತು.

"ಒತ್ಲಾ?" ಅಂತ ಫೋನಿನಲ್ಲಿ ಗೌಸ್ ಪಿಸುಗುಟ್ಟಿದ.

"ತಡಿ..."

"ಅಶ್ವಥ. ಒತ್ಲಾ?"

"ಒತ್ತು."

ಇಬ್ಬರೂ ಒತ್ತಿದರು. ಡಬ್ಬ ಕರ್ರ್ರ್ ಅಂದಿತು, ಉದ್ದಕ್ಕೆ, ಒಣಗಿದ ಸೌದೆ ಸಿಗಿದ ಹಾಗೆ. ಆಮೇಲೆ ನೀಲಿ ದೀಪ ಒಂದೇ ಸಮ ಉರಿಯತೊಡಗಿತು. ಟಿವಿಯಲ್ಲಿ ಏನೂ ಇರಲಿಲ್ಲ.

ಮುನಿಯಮ್ಮ ಚೊಂಬನ್ನು ಅಶ್ವಥ್‌ನ ಕೈಗೆ ಕೊಟ್ಟಳು. "ನಾನ್ ಯೋಳಿದ್ರೆ ಕೇಳಲ್ಲ. ನೀನ್ ಯೋಳು."

ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಅಶ್ವಥ್ ಹೊಸಿಲಿಗೆ ನೀರು ಬಿಟ್ಟ. "ಸಿರಿನ ನಾನ್ ನೋಡ್ಕತೀನಿ ಧನು," ಅಂದ. ಮುನಿಯಮ್ಮ ಬೆನ್ನ ಮೇಲೆ ಕೈ ಇಟ್ಟಳು. "...ಓಗ್ಬುಟ್ಟು ಬಾ," ಅಂದ.

ನಡಿಗೆ ಅಂಗಳ ದಾಟಿತು. ನಿಧಾನವಾಗಿ ಬಾವಿಯವರೆಗೂ ಹೋಯಿತು. ಅಲ್ಲಿ ನಿಂತಿತು. ಆಮೇಲೆ ಎರಡು ಸದ್ದು. ಪಟ್. ಪಟ್. ಚಪ್ಪಲಿ ಕಳಚಿ ಬಿಟ್ಟ ಸದ್ದು. ಅದಾದ ಮೇಲೆ ಏನೂ ಇಲ್ಲ... ಕಪ್ಪೆಗಳು ವಟಗುಟ್ಟಲು ಶುರುಮಾಡಿದಾಗಲೇ ಅಷ್ಟು ಹೊತ್ತು ಅವೂ ಸುಮ್ಮನಿದ್ದವು ಅಂತ ಇವರಿಗೆ ಗೊತ್ತಾದದ್ದು.

ಆ ರಾತ್ರಿಯಿಂದ ಆ ದಾರಿಯಲ್ಲಿ ಯಾರ ಸದ್ದೂ ಇಲ್ಲ. ನಾನೂ ಎಷ್ಟೋ ಸಲ ಅಲ್ಲಿ ರಾತ್ರಿ ನಡೆದು ಬಂದಿದ್ದೇನೆ. ಅಶ್ವಥ್ ಮತ್ತೆ ಕೆಲಸಕ್ಕೆ ಹೋಗತೊಡಗಿದ. ಆದರೆ ಮಗಳ ಮುಖ ನೋಡಿದಾಗಲೆಲ್ಲ, ನಿನ್ನದನ್ನು ನಾನು ಕಳೆದುಬಿಟ್ಟೆ ಅನ್ನುವ ಕೊರಗು ಮಾತ್ರ ಅವನನ್ನು ಬಿಡಲಿಲ್ಲ.

ಈಗ ಕೊನೇದು ಕೇಳಿ. ಇದಕ್ಕೆ ನಾನೇ ಸಾಕ್ಷಿ.

ಯುಗಾದಿ ಆದ ಮೇಲೆ ಅಶ್ವಥ್ ಸಿರಿಯನ್ನು ಕರೆದುಕೊಂಡು ಕಲ್ಯಕ್ಕೆ ಹೋದ, ಧನುಶ್ರೀಯ ತವರಿಗೆ. ನನ್ನನ್ನೂ ಜೊತೆಗೆ ಕರೆದ. ಊಟ ಆಗಿ ಕೂತಿದ್ದೆವು. ಧನುಶ್ರೀಯ ತಮ್ಮ ದೀಪು, "ಭಾವ, ಟ್ರಂಕ್ನಲ್ಲಿ ಅಕ್ಕನ ಮದ್ವೆ ಡಿವಿಡಿ ಸಿಕ್ತು," ಅಂತ ತಂದ. ಅಶ್ವಥ್ ಎದ್ದು ನಿಂತ. ಅದೊಂದು ಇದೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಅವನ ಕಣ್ಣಲ್ಲಿ ಆಸೆಯನ್ನೂ ಭಯವನ್ನೂ ಒಟ್ಟಿಗೆ ಕಂಡೆ. ಹಾಕು ಅಂದ.

ವಾಲಗ ಜೋರಾಗಿ ಕೇಳಿತು. ಪುರೋಹಿತರ ಮಂತ್ರ ಕೇಳಿತು. ಹೆಂಗಸರು ಕೂಗಾಡುವುದು, ಮಕ್ಕಳು ಅಳುವುದು, ಪಾತ್ರೆ ಬೀಳುವುದು, ಎಲ್ಲ ಕೇಳಿತು. ಧನುಶ್ರೀ ಮಾತಾಡಿದಾಗ ಮಾತ್ರ ತುಟಿ ಅಲುಗುತ್ತಿತ್ತು, ದನಿ ಇಲ್ಲ. ದೀಪು ವಾಲ್ಯೂಮ್ ಏರಿಸಿದ. ವಾಲಗ ಕಿವಿ ಒಡೆಯುವ ಹಾಗಾಯಿತು. ಅವಳ ದನಿ ಮಾತ್ರ ಇಲ್ಲವೇ ಇಲ್ಲ, ಹೋಗುವಾಗ ಜೊತೆಗೇ ಒಯ್ದಳೇನೋ ಅನ್ನುವ ಹಾಗೆ.

ಹೆಣ್ಣು ಒಪ್ಪಿಸುವ ಶಾಸ್ತ್ರ ಬಂತು. ಎಲ್ಲ ಮುಗಿದು ಬಸ್ಸು ಹತ್ತುವ ಮುಂಚೆ ಧನುಶ್ರೀ ತಮ್ಮನ ಭುಜ ಹಿಡಿದು, ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ತುಟಿ ಅಲುಗಿತು, ಅಷ್ಟೇ. ಅಶ್ವಥ್ ತಲೆ ತಗ್ಗಿಸಿ ಮುಖ ಮುಚ್ಚಿಕೊಂಡ.

ನೆಲದ ಮೇಲೆ ಕೂತು ಕೋಡುಬಳೆ ಮುರಿಯುತ್ತಿದ್ದ ಸಿರಿ ಟಿವಿ ನೋಡದೆಯೇ ಅಂದಳು:

"ಅಳಬ್ಯಾಡ ಕಣ್ ದೀಪು. ಓಗಿ ಮುಕ ತೊಳ್ಕಂಡು ಉಣ್ಣು. ನಿಂಗೆ ಪಾಯ್ಸ ಎತ್ತಿಕ್ಕಿವ್ನಿ, ತೊಟ್ಟಿ ಹಿಂದ್ಗಡೆ."

ಅಶ್ವಥ್ ಮುಖದಿಂದ ಕೈ ತೆಗೆದ.

"ಯಾರ್ ಯೋಳಿದ್ರು ಕಂದಾ ನಿಂಗೆ?" ಅಂತ ಅವಳ ಅಜ್ಜಿ ಮೆಲ್ಲಗೆ ಕೇಳಿದಳು.

ಸಿರಿ ಟಿವಿ ಕಡೆ ಬೆರಳು ತೋರಿಸಿದಳು. "ಅಮ್ಮ ಯೋಳ್ತಾವ್ಳಲ್ಲ," ಅಂದಳು, ನಿಮಗೆ ಕಿವಿ ಕೇಳುವುದಿಲ್ಲವಾ ಅನ್ನುವ ಹಾಗೆ. ಇನ್ನೊಂದು ಕೋಡುಬಳೆಗೆ ಕೈ ಹಾಕಿದಳು.

ದೀಪು ಎದ್ದು ಹಿತ್ತಲಿಗೆ ಹೋದ, ನಾನೂ ಹಿಂದೆಯೇ ಹೋದೆ. ಮದುವೆ ದಿನ ಅಕ್ಕ ಕಿವಿಯಲ್ಲಿ ಹೇಳಿದ್ದು ಇದೇ ಮಾತಂತೆ. ಬಸ್ಸು ಹೋದ ಮೇಲೆ ಅವನೊಬ್ಬನೇ ನೀರಿನ ತೊಟ್ಟಿಯ ಹಿಂದೆ ಕೂತು ಪಾಯಸ ತಿಂದನಂತೆ. ಯಾರಿಗೂ ಹೇಳಿಲ್ಲವಂತೆ, ಗಂಡು ಹುಡುಗ ಅತ್ತ ಅಂತ ನಗುತ್ತಾರೆ ಅಂತ. ಪಾಯಸ ಇದ್ದದ್ದು ಹಿತ್ತಾಳೆ ತಂಬಿಗೆಯಲ್ಲಿ, ಮೇಲೆ ಮುತ್ತುಗದ ಎಲೆ ಮುಚ್ಚಿತ್ತು ಅಂತ ಅವನು ಕಬ್ಬಾಳಮ್ಮನ ಮೇಲೆ ಆಣೆ ಇಟ್ಟು ನನ್ನ ಮುಂದೆ ಹೇಳಿದ. ಆ ತೊಟ್ಟಿ ಈಗಲೂ ಅಲ್ಲೇ ಇದೆ. ನಾನು ಕೈಯಿಟ್ಟು ನೋಡಿ ಬಂದಿದ್ದೇನೆ.